ಇಂಗ್ಲೆಂಡಿನ ವಾರಸುದಾರಳೊಬ್ಬಳ ವಂಶಾವಳಿ ಬರೆಯುವ ಬಗೆ

ಗದಗಿನಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ನಾನು 31 ವರ್ಷ ಟೈಪಿಸ್ಟ್ ಆಗಿದ್ದೆ. ಮೊದಲು ರೆಮಿಂಗ್ಟನ್ ಮಷಿನ್, ಆಮೇಲೆ ಕಂಪ್ಯೂಟರ್. ಮಷಿನ್ ಬದಲಾಯಿತು, ಕೆಲಸ ಬದಲಾಗಲಿಲ್ಲ. ವಾಟ್ನಿ ಅಂದರೆ ಆಸ್ತಿ ಪಾಲಿನ ದಾವೆ, ವಾರಸಾ ಅರ್ಜಿ, ವಂಶಾವಳಿ. ಯಾರು ಯಾರ ಹೊಟ್ಟೆಯಲ್ಲಿ ಹುಟ್ಟಿದರು, ಯಾವಾಗ ತೀರಿಕೊಂಡರು, ಹೊಲ ಯಾರಿಗೆ ಹೋಯಿತು. ಕಣ್ಣು ಮುಚ್ಚಿ ಬರೆಯುವಷ್ಟು ರೂಢಿ ಆಗಿತ್ತು.

ಹೋದ ವರ್ಷ ತಮ್ಮನ ಮಗಳು ಧಾರವಾಡದಿಂದ ಬಂದವಳು ಒಂದು ಚೀಲ ಝೆರಾಕ್ಸ್ ತಂದು ನನ್ನ ಮುಂದೆ ಸುರಿದಳು. ಹಿಸ್ಟರಿ ಎಂ.ಎ. ಓದುತ್ತಿದ್ದಾಳೆ. ಸೆಮಿನಾರಿಗೆ ಆಕೆಗೆ ಸಿಕ್ಕಿದ್ದು ಎಲಿಜಬೆತ್ ಡಿ ಕ್ಲೇರ್ ಎಂಬ ಇಂಗ್ಲೆಂಡಿನ ದೊಡ್ಡ ಮನೆತನದ ಹೆಣ್ಣುಮಗಳು. 1295ರಲ್ಲಿ ಹುಟ್ಟಿ 1360ರಲ್ಲಿ ತೀರಿಕೊಂಡವಳು. "ಅತ್ತಿ, ಮೂರು ಮಂದಿ ಗಂಡಂದಿರು, ಮೂರು ಮಕ್ಕಳು, ಎಲ್ಲಾರ ಹೆಸರೂ ಒಂದ. ತಲಿ ಕೆಟ್ಟು ಹೋಗೇತಿ" ಅಂದಳು.

ನನಗೆ ಇಂಗ್ಲೆಂಡ್ ಗೊತ್ತಿಲ್ಲ. ಆದರೆ ಮೂರು ಮದುವೆ, ಮಲಮಕ್ಕಳು, ಹೊಲದ ಜಗಳ ಚೆನ್ನಾಗಿ ಗೊತ್ತು. ಎರಡು ಭಾನುವಾರ ಕೂತು ಬಿಡಿಸಿದೆವು. ಆಮೇಲೆ ಅವಳ ಗೆಳತಿಯರೂ ಫೋನ್ ಹಚ್ಚತೊಡಗಿದರು. ಒಬ್ಬಳಿಗೆ ಬೇರೆ ರಾಣಿ, ಇನ್ನೊಬ್ಬಳಿಗೆ ಬೇರೆ ಕೌಂಟೆಸ್. ಹೇಳಿದ್ದನ್ನೇ ಹೇಳಿ ಸಾಕಾಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಎರಡು ಪೆನ್ನು

ದೊಡ್ಡ ಡ್ರಾಯಿಂಗ್ ಶೀಟ್ ಅಡ್ಡ ಹಾಸಿ. ಒಂದು ಕೆಂಪು ಪೆನ್ನು, ಒಂದು ಹಸಿರು, ತಿದ್ದಲು ಪೆನ್ಸಿಲ್. ಕೆಂಪು ರಕ್ತಸಂಬಂಧಕ್ಕೆ, ಹಸಿರು ಆಸ್ತಿಗೆ. ಸಿಗುವ ವಂಶವೃಕ್ಷಗಳಲ್ಲಿ ಕೆಂಪು ಗೆರೆ ಮಾತ್ರ ಇರುತ್ತದೆ: ಇವಳು ಇವನ ಮಗಳು, ಅವನ ಹೆಂಡತಿ. ವಾರಸುದಾರಳ ವಿಷಯದಲ್ಲಿ ಅದು ಅರ್ಧ ಕೆಲಸ. ಆಕೆಯನ್ನು ಯಾಕೆ ಅಪಹರಿಸಿದರು, ಯಾಕೆ ಸೆರೆಯಲ್ಲಿಟ್ಟರು, ರಾಜ ಯಾಕೆ ಅವಸರ ಮಾಡಿದ ಎಂಬುದಕ್ಕೆಲ್ಲ ಉತ್ತರ ಹಸಿರು ಗೆರೆಯಲ್ಲಿದೆ.

ಮೊದಲು ನಿಮ್ಮ ಮನೆಯದೇ ಮೂರು ತಲೆಮಾರು ಬರೆದು ಕೈ ಪಳಗಿಸಿಕೊಳ್ಳಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ನಮ್ಮ ಕಡೆಯ ಹಳೆಯ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳು ಇರುವುದೇ ಇಲ್ಲ. ಇದ್ದರೂ "ಲಗ್ನವಾಗಿ ಹೋಗಿದ್ದಾಳೆ" ಎಂದು ಬರೆದು ಕೈ ತೊಳೆದುಕೊಂಡಿರುತ್ತಾರೆ. ತಮ್ಮನ ಮಗಳೂ ನಮ್ಮ ಮನೆಯದನ್ನು ಬರೆದಳು. ತನ್ನ ಅಪ್ಪನ ಹೆಸರಿನ ಮುಂದೆ ಹಸಿರಿನಲ್ಲಿ ಎಂಟು ಎಕರೆ ಎರಿ ಹೊಲ ಎಂದು ಹಾಕಿದಳು. ನನ್ನ ಹೆಸರಿಗೆ ಬಂದಾಗ ಪೆನ್ನು ನಿಂತಿತು. "ಅದನ್ನ ಆಮ್ಯಾಲೆ ನೋಡೂಣು, ಈಗ ಇಂಗ್ಲೆಂಡಿಗೆ ನಡಿ" ಅಂದೆ.

ಅಲ್ಲಿಯ ಕಾಯ್ದೆ, ಬೇಕಾದಷ್ಟು

ಪೆನ್ನು ಹಿಡಿಯುವ ಮೊದಲು ಆ ಕಾಲದ ಕಾಯ್ದೆ ಸ್ವಲ್ಪ ಗೊತ್ತಿರಬೇಕು. ಜಾಸ್ತಿ ಬೇಡ. ಮಗ ಇದ್ದರೆ ಹಿರಿಯ ಮಗನಿಗೇ ಎಲ್ಲ ಭೂಮಿ. ತಮ್ಮಂದಿರಿಗೂ ಪಾಲಿಲ್ಲ. ಗಂಡುಸಂತಾನವೇ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು, ಅವರಲ್ಲಿ ಹಿರಿಯಳಿಗೆ ಹೆಚ್ಚು ಎಂಬುದಿಲ್ಲ. ಒಡಹುಟ್ಟಿದ ಒಬ್ಬನೇ ಗಂಡು ಮಕ್ಕಳಿಲ್ಲದೆ ಸತ್ತರೂ ಅಕ್ಕತಂಗಿಯರಿಗೆ ಹೀಗೆಯೇ ಹಂಚಿಕೆ. ಹಾಗೆ ಪಾಲು ಪಡೆಯುವ ಅಕ್ಕತಂಗಿಯರನ್ನು ಅಲ್ಲಿ ಕೋಪಾರ್ಸನರ್ ಎನ್ನುತ್ತಿದ್ದರು.

ಈ ಶಬ್ದ ಓದಿ ನನಗೆ ನಗು ಬಂತು. ನಮ್ಮ ಆಫೀಸಿನಲ್ಲಿ ದಿನಾ ಟೈಪ್ ಮಾಡುತ್ತಿದ್ದ ಶಬ್ದ ಅದು. ಆದರೆ ನಮ್ಮಲ್ಲಿ ಕೋಪಾರ್ಸನರ್ ಅಂದರೆ ಗಂಡುಮಕ್ಕಳು ಎಂದೇ ಲೆಕ್ಕ. ಕರ್ನಾಟಕದಲ್ಲಿ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಮದುವೆಯಾದವರೂ ಒಳಗೆ ಬರಲು 2005ರ ಸೆಪ್ಟೆಂಬರ್ 9ರವರೆಗೆ ಕಾಯಬೇಕಾಯಿತು. ಅದರ ತವರಿನಲ್ಲಿ ಅದು ಹೆಚ್ಚಾಗಿ ಅಕ್ಕತಂಗಿಯರ ಶಬ್ದವೇ ಆಗಿತ್ತು, ನೋಡಿ.

ಇನ್ನು ಗಂಡ ಸತ್ತರೆ ವಿಧವೆಗೆ ಅವನ ಭೂಮಿಯಲ್ಲಿ ಮೂರನೇ ಒಂದು ಪಾಲು, ಆಕೆ ಬದುಕಿರುವ ತನಕ. ಹೆಂಡತಿಯ ತವರಿನ ಭೂಮಿ ಗಂಡನ ಕೈಯಲ್ಲಿ. ಒಂದು ಮಗು ಜೀವಂತ ಹುಟ್ಟಿದರೆ ಸಾಕು, ಆ ಮಗು ಮರುದಿನ ಸತ್ತರೂ, ಹೆಂಡತಿ ಸತ್ತರೂ, ಅವನು ಸಾಯುವ ತನಕ ಆ ಭೂಮಿ ಅನುಭವಿಸಬಹುದು. ರಾಜನಿಂದ ನೇರವಾಗಿ ಭೂಮಿ ಪಡೆದ ಮನೆತನವಾದರೆ ಮತ್ತೊಂದು ತಂಟೆ. ವಾರಸುದಾರ ಚಿಕ್ಕವನಿದ್ದರೆ ಆಸ್ತಿಯೂ ಅವನ ಮದುವೆಯೂ ರಾಜನ ಕೈಗೆ ಹೋಗುತ್ತದೆ. ವಿಧವೆ ಮತ್ತೆ ಮದುವೆಯಾಗಲು ರಾಜನ ಪರವಾನಗಿ ಬೇಕು. ಇಷ್ಟನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಪದೇ ಪದೇ ನೋಡಬೇಕಾಗುತ್ತದೆ.

ಹೆಸರಿನ ಗೊಂದಲ

ಕ್ಲೇರ್ ಮನೆತನದಲ್ಲಿ ಗಿಲ್ಬರ್ಟ್, ಅವನ ಮಗ ರಿಚರ್ಡ್, ಅವನ ಮಗ ಮತ್ತೆ ಗಿಲ್ಬರ್ಟ್. ಅಜ್ಜನ ಹೆಸರು ಮೊಮ್ಮಗನಿಗೆ, ಥೇಟ್ ನಮ್ಮ ಮನೆಗಳ ಹಾಗೆ. ನಾನು ಆಫೀಸಿನಲ್ಲಿ ಮಾಡುತ್ತಿದ್ದ ಉಪಾಯ ಸರಳ. ಹೆಸರಿನ ಪಕ್ಕದಲ್ಲಿ ಸತ್ತ ವರ್ಷ ಬರೆಯುವುದು. ಹುಟ್ಟಿದ ವರ್ಷ ಅನುಮಾನದ್ದು, ಸತ್ತ ವರ್ಷ ಗಟ್ಟಿ. ಆಸ್ತಿ ಇದ್ದವರು ಸತ್ತರೆ ಯಾರಾದರೂ ಬರೆದಿಟ್ಟೇ ಇರುತ್ತಾರೆ.

ನಮ್ಮ ಎಲಿಜಬೆತ್ ಮೊದಲ ಗಂಡನ ಹೆಸರನ್ನೇ ಕೊನೆಯ ತನಕ ಇಟ್ಟುಕೊಂಡಳು: ಎಲಿಜಬೆತ್ ಡಿ ಬರ್ಗ್, ಲೇಡಿ ಆಫ್ ಕ್ಲೇರ್. ಆದರೆ ಆ ಗಂಡನ ಅಕ್ಕತಂಗಿಯರಲ್ಲೂ ಒಬ್ಬಳು ಎಲಿಜಬೆತ್ ಡಿ ಬರ್ಗ್. ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್‌ನ ಹೆಂಡತಿ. ಮೊಮ್ಮಗಳೂ ಎಲಿಜಬೆತ್ ಡಿ ಬರ್ಗ್. ಸತ್ತ ವರ್ಷ ಹಾಕಿದರೆ 1360, 1327, 1363. ಗೊಂದಲ ಮುಗಿಯಿತು. ಇದರ ಜೊತೆಗೆ ಇಸಬೆಲ್ ಮತ್ತು ಎಲಿಜಬೆತ್ ಆ ಕಾಲದಲ್ಲಿ ಒಂದೇ ಹೆಸರಿನ ಎರಡು ರೂಪ. ಮಾಡ್ ಮತ್ತು ಮಟಿಲ್ಡಾ ಕೂಡ ಹಾಗೆಯೇ. ಒಂದೇ ಹೆಂಗಸು ಎರಡು ಕಾಗದದಲ್ಲಿ ಎರಡು ಹೆಸರಲ್ಲಿ ಬಂದರೆ ಇಬ್ಬರು ಎಂದು ಬರೆದುಬಿಡಬೇಡಿ.

ನನ್ನ ಇನ್ನೊಂದು ಹಟ ಅಂದರೆ, ಸಂಬಂಧವನ್ನು ಕನ್ನಡದಲ್ಲೇ ಬರೆಯಬೇಕು. ಇಂಗ್ಲಿಷಿನವರು ಎಲ್ಲರನ್ನೂ ಅಂಕಲ್, ಕಸಿನ್, ಇನ್-ಲಾ ಎಂದು ಒಂದೇ ಗೋಣಿಚೀಲಕ್ಕೆ ತುಂಬುತ್ತಾರೆ. ಆಗಿನ ರಾಜ ಎರಡನೇ ಎಡ್ವರ್ಡ್ ಎಲಿಜಬೆತ್‌ಗೆ ಅಂಕಲ್ ಅಲ್ಲ, ಸೋದರಮಾವ. ತಾಯಿ ಜೋನ್ ಮೊದಲನೇ ಎಡ್ವರ್ಡ್‌ನ ಮಗಳು. ಹಾಗೆ ಬರೆದ ಕೂಡಲೇ ತಮ್ಮನ ಮಗಳು, "ಹಂಗಾರ ಲಗ್ನದ ಮಾತಿನ್ಯಾಗ ಮಾವಂದ ಕೈ ಇರತೈತಿ" ಅಂದಳು. ಇತ್ತು. ಆದರೆ ಅಲ್ಲಿ ಮಾವ ತಾನೇ ಮದುವೆಯಾಗುವಂತಿಲ್ಲ. ಚರ್ಚಿನ ನಿಯಮದಲ್ಲಿ ನಾಲ್ಕು ತಲೆಮಾರಿನೊಳಗಿನ ರಕ್ತಸಂಬಂಧ ನಿಷಿದ್ಧ. ಹಾಗಾಗಿ ತನ್ನ ಆಪ್ತರಿಗೆ ಕೊಟ್ಟ.

ಷಡ್ಡಕ ಎಂಬ ಶಬ್ದವಂತೂ ಬಿಡಲೇಬೇಡಿ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಶಬ್ದವಿಲ್ಲ. ಈ ಕಥೆಯ ಅರ್ಧ ಜಗಳ ಷಡ್ಡಕರದ್ದು. 1308ರ ಸೆಪ್ಟೆಂಬರ್ 29ರಂದು ಎಲಿಜಬೆತ್‌ಳ ಅಣ್ಣ ಗಿಲ್ಬರ್ಟ್ ಐರ್ಲೆಂಡಿನ ಅಲ್ಸ್ಟರ್ ಅರ್ಲ್‌ನ ಮಗಳು ಮಟಿಲ್ಡಾಳನ್ನು ಮದುವೆಯಾದ (ಅರ್ಲ್ ಅಂದರೆ ರಾಜನ ಕೆಳಗಿನ ದೊಡ್ಡ ಸರದಾರ). ಮರುದಿನವೇ ಎಲಿಜಬೆತ್‌ಗೆ ಅದೇ ಅರ್ಲ್‌ನ ಮಗ ಜಾನ್ ಡಿ ಬರ್ಗ್ ಜೊತೆ ಮದುವೆ. ಆಗ ಆಕೆಗೆ 13 ತುಂಬಿ ಎರಡು ವಾರ. ನಮ್ಮ ಭಾಷೆಯಲ್ಲಿ ಕೊಟ್ಟು ತರುವ ಸಂಬಂಧ. ರಾಬರ್ಟ್ ಬ್ರೂಸ್ ಹೆಂಡತಿ ಮಟಿಲ್ಡಾಳ ಒಡಹುಟ್ಟಿದವಳು ಎಂದು ಮೇಲೆಯೇ ಬಂತಲ್ಲ, ಹಾಗಾದರೆ ಗಿಲ್ಬರ್ಟ್ ಮತ್ತು ಬ್ರೂಸ್ ಷಡ್ಡಕರು. ಗಿಲ್ಬರ್ಟ್ ಸತ್ತಿದ್ದು ಆ ಷಡ್ಡಕನ ಸೈನ್ಯದ ಎದುರು, ಬಾನಕ್‌ಬರ್ನ್ ಯುದ್ಧದಲ್ಲಿ.

ಯುಗಾದಿಯ ಲೆಕ್ಕ

ಇದೊಂದು ಕಡೆ ಎಲ್ಲರೂ ಎಡವುತ್ತಾರೆ. ಆಗ ಇಂಗ್ಲೆಂಡಿನಲ್ಲಿ ವರ್ಷ ಎಣಿಸುವಾಗ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ನಮ್ಮ ಸಂವತ್ಸರ ಯುಗಾದಿಗೆ ಬದಲಾದ ಹಾಗೆ ಎಂದುಕೊಳ್ಳಿ. ಜನವರಿ, ಫೆಬ್ರುವರಿ, ಮಾರ್ಚಿನ ಬಹುಪಾಲು ಹಿಂದಿನ ವರ್ಷಕ್ಕೇ ಸೇರುತ್ತದೆ.

ಎಲಿಜಬೆತ್‌ಳ ಎರಡನೇ ಗಂಡ ಥಿಯೋಬಾಲ್ಡ್ ಡಿ ವರ್ಡನ್ ಸತ್ತದ್ದು 1316ರ ಜುಲೈ 27. ಮಗಳು ಇಸಬೆಲಾ ಹುಟ್ಟಿದ್ದು ಈಗಿನ ಲೆಕ್ಕದಲ್ಲಿ 1317ರ ಮಾರ್ಚ್ 21, ಅಪ್ಪ ಸತ್ತು ಸುಮಾರು ಎಂಟು ತಿಂಗಳಿಗೆ. ಹಳೆಯ ಲೆಕ್ಕದಲ್ಲಿ ಅದು ಇನ್ನೂ 1316ರ ಮಾರ್ಚ್. ತಮ್ಮನ ಮಗಳು ಹಾಗೇ ನಕಲು ಮಾಡಿ, ಅಪ್ಪ ಸಾಯುವ ನಾಲ್ಕು ತಿಂಗಳ ಮೊದಲೇ ಮಗಳು ಹುಟ್ಟಿದ್ದಾಳೆ ಎಂದು ಬರೆದಿದ್ದಳು. ಮದುವೆಯಾದದ್ದು ಆ ವರ್ಷದ ಫೆಬ್ರುವರಿ 4ಕ್ಕೆ! ಮದುವೆಯಾಗಿ ಆರು ವಾರಕ್ಕೆ ಕೂಸು. "ಇಷ್ಟು ದೊಡ್ಡ ಮನೆತನದ ಮರ್ಯಾದೆ ಕಳದ್ಯಲ್ಲವಾ" ಅಂದೆ. ಬಿದ್ದು ಬಿದ್ದು ನಕ್ಕೆವು.

ಅಧಿಕೃತ ಕಾಗದಗಳಲ್ಲಿ ಇಸವಿಯೇ ಇರುವುದಿಲ್ಲ, ರಾಜನ ಆಳ್ವಿಕೆಯ ಎಷ್ಟನೇ ವರ್ಷ ಎಂದಿರುತ್ತದೆ. ಎರಡನೇ ಎಡ್ವರ್ಡ್‌ನ ವರ್ಷ ಜುಲೈ 8ಕ್ಕೆ ಶುರು, ಮೊದಲನೆಯದು 1307ರಿಂದ. ಹಾಗೆ 1316ರ ಫೆಬ್ರುವರಿ ಅವನ ಒಂಬತ್ತನೇ ವರ್ಷಕ್ಕೆ ಬೀಳುತ್ತದೆ. ಲಕ್ಕುಂಡಿಯ ಶಾಸನದಲ್ಲಿ ಶಕವರ್ಷ, ಸಂವತ್ಸರ ಓದಿ ಇಸವಿ ಕಂಡುಹಿಡಿಯುವವರಿಗೆ ಇದು ಕಷ್ಟವೇನಲ್ಲ.

ವಯಸ್ಸನ್ನು ಮಾತ್ರ ನಂಬಬೇಡಿ. ದೊಡ್ಡ ಜಮೀನುದಾರ ಸತ್ತರೆ ರಾಜನ ಅಧಿಕಾರಿ ಸ್ಥಳೀಯರನ್ನು, ಸಾಮಾನ್ಯವಾಗಿ 12 ಮಂದಿಯನ್ನು, ಕೂಡಿಸಿ ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಭೂಮಿ ಎಷ್ಟು, ವಾರ್ಷಿಕ ಬೆಲೆ ಎಷ್ಟು, ಹತ್ತಿರದ ವಾರಸುದಾರ ಯಾರು, ವಯಸ್ಸೆಷ್ಟು. ಪಂಚರು, ಪಂಚನಾಮೆ, ಬೇರೇನಲ್ಲ. ಭೂಮಿಯ ವಿವರ ಚೊಕ್ಕ ಇರುತ್ತದೆ. ವಯಸ್ಸು ಮಾತ್ರ "ಇಪ್ಪತ್ತು ಮತ್ತು ಮೇಲ್ಪಟ್ಟು" ಎಂಬ ಜಾತಿಯದ್ದು. ನಮ್ಮ ಶಾಲೆಯ ರಜಿಸ್ಟರಿನಲ್ಲಿ ಎಲ್ಲರೂ ಜೂನ್ 1ಕ್ಕೆ ಹುಟ್ಟಿದ ಹಾಗೆ. ಈ ಪಂಚನಾಮೆಗಳ ಇಂಗ್ಲಿಷ್ ಸಾರಾಂಶ ಅಚ್ಚಾಗಿದೆ, ಬಹಳಷ್ಟು ಅಂತರ್ಜಾಲದಲ್ಲೂ ಸಿಗುತ್ತದೆ. ಕಥೆ ಹೇಳುವ ಪುಸ್ತಕಕ್ಕಿಂತ ಮೊದಲು ಅದನ್ನು ಓದಿ.

ಪ್ರತಿ ಸಾವಿಗೂ ನಿಲ್ಲಿ

ಇದು ನನ್ನ ಮುಖ್ಯ ಮಾತು. ಹುಟ್ಟಿನಿಂದ ಸಾವಿನ ತನಕ ಸುಮ್ನೆ ಓದಿಕೊಂಡು ಹೋದರೆ ಏನೂ ಸಿಗುವುದಿಲ್ಲ. ಆಸ್ತಿ ಇದ್ದವರು ಸತ್ತ ದಿನ ಗಡಿಯಾರ ನಿಲ್ಲಿಸಿ. ಆ ದಿನ ಯಾರು ಬದುಕಿದ್ದರು, ಯಾರ ವಯಸ್ಸೆಷ್ಟು, ಯಾರಿಗೆ ಮದುವೆಯಾಗಿತ್ತು, ಯಾರು ಗರ್ಭಿಣಿ ಇದ್ದರು ಎಂದು ಪಟ್ಟಿ ಹಾಕಿ. ಆಮೇಲೆ ಹಸಿರು ಪೆನ್ನು ಎತ್ತಿ.

1295ರ ಡಿಸೆಂಬರ್ 7. ಅಪ್ಪ ಗಿಲ್ಬರ್ಟ್ ಸತ್ತ, ಗ್ಲಾಸ್ಟರಿನ ಅರ್ಲ್, ಕೂದಲಿನ ಬಣ್ಣಕ್ಕೆ ಕೆಂಪು ಗಿಲ್ಬರ್ಟ್ ಎನ್ನುತ್ತಿದ್ದರು. ವೇಲ್ಸಿನ ಕಾರ್ಫಿಲಿ ಕೋಟೆ ಕಟ್ಟಿಸಿದವನು. ಸೆಪ್ಟೆಂಬರ್ 16ಕ್ಕೆ ಟ್ಯೂಕ್ಸ್‌ಬರಿಯಲ್ಲಿ ಹುಟ್ಟಿದ ಎಲಿಜಬೆತ್ ಇನ್ನೂ ಮೂರು ತಿಂಗಳೂ ತುಂಬದ ಕೂಸು. ಮೇಲೆ ಅಣ್ಣ ಗಿಲ್ಬರ್ಟ್, ಅಕ್ಕಂದಿರು ಎಲಿನರ್, ಮಾರ್ಗರೆಟ್. ಅಪ್ಪನಿಗೆ ಮೊದಲ ಹೆಂಡತಿಯಿಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಅವರಿಗೆ ಯಾಕೆ ಮುಂದೆ ಪಾಲು ಬರಲಿಲ್ಲ? 1290ರಲ್ಲಿ ಜೋನಳನ್ನು ಮದುವೆಯಾಗುವಾಗ ಗಿಲ್ಬರ್ಟ್ ತನ್ನ ಭೂಮಿಯನ್ನು ಮಾವನಾದ ರಾಜನಿಗೆ ಒಪ್ಪಿಸಿ, ತನ್ನ ಮತ್ತು ಜೋನಳ ಹೆಸರಿಗೆ, ಅವರಿಬ್ಬರ ಸಂತಾನಕ್ಕೆ ಎಂದು ಮರಳಿ ಬರೆಸಿಕೊಂಡ. ಒಂದು ಕಾಗದದಲ್ಲಿ ಇಬ್ಬರು ಹೆಣ್ಣುಮಕ್ಕಳು ಹೊರಗೆ. ಎರಡನೇ ಸಂಬಂಧ ಮಾಡುವಾಗ ಬೀಗರು ಹಾಕುವ ಇಂಥ ಕರಾರನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ.

1307, ತಾಯಿಯ ಸಾವು. ಎಲಿಜಬೆತ್‌ಗೆ 11. ಜೋನ್ ಎರಡನೇ ಸಲ ಒಬ್ಬ ಸಾಮಾನ್ಯ ಸೇವಕಭಟನನ್ನು ಗುಟ್ಟಾಗಿ ಮದುವೆಯಾಗಿ ಅಪ್ಪನ ಸಿಟ್ಟಿಗೆ ಗುರಿಯಾದ ಕಥೆ ಚೆನ್ನಾಗಿದೆ. ಆದರೆ ಹಸಿರು ಗೆರೆಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಮುಂದೆ ಹೋಗಿ.

1313ರ ಜೂನ್. ಗಂಡ ಜಾನ್ ಸತ್ತ. ಆಕೆಗೆ 17, ಮಡಿಲಲ್ಲಿ ವರ್ಷ ತುಂಬದ ಮಗ ವಿಲಿಯಂ. ಐರ್ಲೆಂಡಿನ ಆಸ್ತಿಗೆ ಅಲ್ಸ್ಟರ್ ಅರ್ಲ್‌ನ ಮೊಮ್ಮಗನಾದ ಈ ವಿಲಿಯಂ ವಾರಸುದಾರ. ಈಕೆಯ ಹೆಸರಿನಲ್ಲಿ ದೊಡ್ಡದೇನೂ ಇಲ್ಲ. ಹಾಗಾಗಿ ಯಾರಿಗೂ ಈಕೆಯ ಮೇಲೆ ಕಣ್ಣಿಲ್ಲ.

1314ರ ಜೂನ್ 24, ಇಲ್ಲಿ ಬಹಳ ಹೊತ್ತು ನಿಲ್ಲಿ. ಅಣ್ಣ ಗಿಲ್ಬರ್ಟ್ 23ನೇ ವಯಸ್ಸಿಗೆ ಬಾನಕ್‌ಬರ್ನ್‌ನಲ್ಲಿ ಸತ್ತ. ಬದುಕಿರುವ ಮಕ್ಕಳಿಲ್ಲ, ತಮ್ಮಂದಿರಿಲ್ಲ. ಮೂವರು ಒಡಹುಟ್ಟಿದವರು: ಎಲಿನರ್, 21, ಹ್ಯೂ ಡಿಸ್ಪೆನ್ಸರ್‌ನ ಹೆಂಡತಿ. ಮಾರ್ಗರೆಟ್, 20, ರಾಜನ ಗೆಳೆಯ ಪಿಯರ್ಸ್ ಗ್ಯಾವೆಸ್ಟನ್‌ನ ವಿಧವೆ. ಎಲಿಜಬೆತ್, 18, ವಿಧವೆ. ಇಂಗ್ಲೆಂಡ್, ವೇಲ್ಸ್, ಐರ್ಲೆಂಡ್ ಮೂರೂ ಕಡೆ ಹರಡಿದ್ದ ಆಸ್ತಿ, ಇಂಗ್ಲೆಂಡಿನ ಅತಿ ದೊಡ್ಡ ಮನೆತನಗಳಲ್ಲಿ ಒಂದರದ್ದು, ಮೂರು ಪಾಲಾಗಬೇಕು. ಇಬ್ಬರು ವಿಧವೆಯರ ಬೆಲೆ ಒಂದೇ ಮಧ್ಯಾಹ್ನ ಗಗನಕ್ಕೇರಿತು.

ಆದರೆ ಅಣ್ಣನ ವಿಧವೆ ಮಟಿಲ್ಡಾ ತಾನು ಗರ್ಭಿಣಿ ಅಂದಳು. ಹೊಟ್ಟೆಯಲ್ಲಿರುವ ಮಗುವಿಗೆ ನಮ್ಮ ಹಿಂದೂ ವಾರಸಾ ಕಾಯ್ದೆಯಲ್ಲೂ ಹಕ್ಕಿದೆ, ಆ ಕಲಂ ನನಗೆ ಬಾಯಿಪಾಠ. ಕಾಯಬೇಕಾದದ್ದೇ. ಒಂಬತ್ತು ತಿಂಗಳಾಯಿತು, ವರ್ಷವಾಯಿತು, ಕೂಸು ಇಲ್ಲ. ಎಲಿನರಳ ಗಂಡ ಡಿಸ್ಪೆನ್ಸರ್ ಪಾಲು ಕೊಡಿ ಎಂದು ಕೂಗಾಡಿದ. ಆದರೂ ಹಂಚಿಕೆ ಮುಗಿದದ್ದು 1317ರ ನವೆಂಬರ್‌ನಲ್ಲಿ. ಅಲ್ಲಿಯ ತನಕ ಆಸ್ತಿ ರಾಜನ ಕೈಯಲ್ಲಿ, ಆದಾಯವೂ ಅವನಿಗೇ. ಮೂರು ವರ್ಷದ ಬಸಿರನ್ನು ರಾಜ ಯಾಕೆ ನಂಬಿದ ಎಂದು ಕೇಳಿದ ತಮ್ಮನ ಮಗಳಿಗೆ ಹಸಿರು ಪೆನ್ನು ತೋರಿಸಿದೆ.

ಗಂಡಂದಿರನ್ನು ಬರೆಯುವಾಗ

ಈಗ ಫೆಬ್ರುವರಿ 1316 ತನ್ನಷ್ಟಕ್ಕೆ ಅರ್ಥವಾಗುತ್ತದೆ. ರಾಜ ಆಕೆಯನ್ನು ಐರ್ಲೆಂಡಿನಿಂದ ಕರೆಸಿ ಬ್ರಿಸ್ಟಲ್ ಕೋಟೆಯಲ್ಲಿ ಇರಿಸಿದ್ದ. ಥಿಯೋಬಾಲ್ಡ್ ಡಿ ವರ್ಡನ್ ಆಕೆಯನ್ನು ಅಲ್ಲಿಂದ ಕರೆದೊಯ್ದು ಪರವಾನಗಿ ಇಲ್ಲದೆ ಮದುವೆಯಾದ. ಐರ್ಲೆಂಡಿನಲ್ಲೇ ಮಾತು ಆಗಿತ್ತು, ಆಕೆ ತಾನಾಗಿ ಕೋಟೆಯಿಂದ ಹೊರಗೆ ಬಂದಳು ಎಂದು ಅವನ ವಾದ. ಆಕೆಯ ಬಾಯಿಂದ ಬಂದ ಮಾತು ಅಲ್ಲಿಲ್ಲ. ಅಪಹರಣ ಎಂದೋ ಪ್ರೇಮ ಎಂದೋ ನೀವು ತೀರ್ಪು ಕೊಡಬೇಡಿ. "ಗಂಡನ ಹೇಳಿಕೆಯಂತೆ" ಎಂದು ಬರೆದು ಬಿಡಿ.

ಆರು ತಿಂಗಳೊಳಗೆ ಅವನೂ ಸತ್ತ. ಗರ್ಭಿಣಿ ಎಲಿಜಬೆತ್ ಏಮ್ಸ್‌ಬರಿ ಮಠಕ್ಕೆ ಹೋದಳು. ಯಾಕೆ ಅಲ್ಲಿಗೇ? ಕೆಂಪು ಗೆರೆ ನೋಡಿ. ತಾಯಿಯ ತಂಗಿ ಮೇರಿ ಅಲ್ಲಿ ಸನ್ಯಾಸಿನಿ. ಬಾಣಂತನಕ್ಕೆ ಚಿಕ್ಕವ್ವನ ಮನೆ. ಬಾಣಂತನದ ಹೊತ್ತಿಗೇ ಸೋದರಮಾವನ ಒತ್ತಾಯ ಶುರುವಾಗಿತ್ತು. 1317ರ ವಸಂತದಲ್ಲೇ ರಾಜನ ಆಪ್ತ ರೋಜರ್ ಡ್ಯಾಮರಿ ಜೊತೆ ಮೂರನೇ ಮದುವೆ. ಅದೇ ಹೊತ್ತಿಗೆ ಮಾರ್ಗರೆಟ್‌ಗೂ ಇನ್ನೊಬ್ಬ ಆಪ್ತ ಹ್ಯೂ ಆಡ್ಲಿ ಜೊತೆ ಮದುವೆ. ಇಬ್ಬರ ಮದುವೆ ಮುಗಿದ ಮೇಲೆಯೇ ನವೆಂಬರ್‌ನ ಹಂಚಿಕೆ. ಬಸಿರಿನ ಕಥೆಯೂ ಮುಗಿಯಿತು.

ಮೂರು ಗಂಡಂದಿರಿಂದ ಒಂದೊಂದು ಮಗು: ವಿಲಿಯಂ ಡಿ ಬರ್ಗ್, ಇಸಬೆಲಾ ಡಿ ವರ್ಡನ್, ಎಲಿಜಬೆತ್ ಡ್ಯಾಮರಿ. ಹಸಿರು ಗೆರೆ ಎಳೆಯುವಾಗ ಎಚ್ಚರ. ಪ್ರತಿ ಮಗುವಿಗೂ ತನ್ನ ಅಪ್ಪನ ಕಡೆಯಿಂದ ಬರುವುದು ಬೇರೆ. ಇಸಬೆಲಾಗೆ ವರ್ಡನ್ ಆಸ್ತಿಯಲ್ಲಿ ಕಾಲು ಪಾಲು, ಯಾಕೆಂದರೆ ಮೊದಲ ಹೆಂಡತಿಯ ಮೂವರು ಹೆಣ್ಣುಮಕ್ಕಳಿದ್ದರು. ಆದರೆ ತಾಯಿಯ ಕ್ಲೇರ್ ಪಾಲು ಮಗ ಇರುವುದರಿಂದ ವಿಲಿಯಂಗೇ.

ಷಡ್ಡಕರು

ಹಂಚಿಕೆಯಲ್ಲಿ ಎಲಿನರ್ ಮತ್ತು ಡಿಸ್ಪೆನ್ಸರ್‌ಗೆ ವೇಲ್ಸಿನ ಗ್ಲಾಮೋರ್ಗನ್. ಮಾರ್ಗರೆಟ್ ಮತ್ತು ಆಡ್ಲಿಗೆ ಪಕ್ಕದ ನ್ಯೂಪೋರ್ಟ್. ಎಲಿಜಬೆತ್ ಮತ್ತು ಡ್ಯಾಮರಿಗೆ ಸಫೋಕ್‌ನ ಕ್ಲೇರ್, ವೇಲ್ಸಿನ ಅಸ್ಕ್. ಮೂರೂ ವೇಲ್ಸ್ ಪಾಲುಗಳ ಬದುವು ಒಂದಕ್ಕೊಂದು ಹತ್ತಿರ. ಡಿಸ್ಪೆನ್ಸರ್‌ಗೆ ಅಕ್ಕಪಕ್ಕದ ಪಾಲೂ ಬೇಕಾಯಿತು. ಮೊದಲು ಆಡ್ಲಿಯ ನ್ಯೂಪೋರ್ಟ್ ಕಿತ್ತುಕೊಂಡ. ರಾಜ ಅವನ ಕಿಸೆಯಲ್ಲಿದ್ದ. ಉಳಿದಿಬ್ಬರು ಷಡ್ಡಕರು ಬಂಡೆದ್ದರು. 1322ರ ಮಾರ್ಚ್‌ನಲ್ಲಿ ಬಂಡಾಯ ಸೋತಿತು. ಡ್ಯಾಮರಿ ಟಟ್ಬರಿಯಲ್ಲಿ ಸತ್ತ. 26ನೇ ವಯಸ್ಸಿಗೆ ಎಲಿಜಬೆತ್ ಮೂರನೇ ಸಲ ವಿಧವೆ. ಮಕ್ಕಳ ಜೊತೆ ಆಕೆಯನ್ನು ಬಾರ್ಕಿಂಗ್ ಮಠದಲ್ಲಿ ಸೆರೆಯಿಟ್ಟರು.

ಮುಂದಿನದು ನನಗೆ ಓದಲು ಕಷ್ಟವಾಯಿತು. ಅಸ್ಕ್ ಬಿಟ್ಟುಕೊಟ್ಟು ಅದರ ಬದಲು ವೇಲ್ಸಿನದೇ ಕಡಿಮೆ ಬೆಲೆಯ ಗವರ್ ತೆಗೆದುಕೊ ಎಂದು ಬರೆಸಿಕೊಂಡರು. ಆಮೇಲೆ ಒಂದು ದಾವೆ ಹೂಡಿಸಿ ಗವರ್ ಕೂಡ ಕಿತ್ತುಕೊಂಡರು. ಯಾರ್ಕ್‌ನಲ್ಲಿ ಆಕೆಯ ಸಲಹೆಗಾರರನ್ನು ದೂರವಿಟ್ಟು, ರಾಜನ ಒಪ್ಪಿಗೆ ಇಲ್ಲದೆ ಮದುವೆಯಾಗುವುದಿಲ್ಲ, ಭೂಮಿ ಯಾರಿಗೂ ಕೊಡುವುದಿಲ್ಲ ಎಂದು ಮುದ್ರೆ ಹಾಕಿಸಿಕೊಂಡರು. ಇದನ್ನೆಲ್ಲ ಮಾಡಿದವನು ಅಕ್ಕನ ಗಂಡ, ಮಾಡಿಸಿದವನು ಸೋದರಮಾವ. 1326ರ ಮೇ ತಿಂಗಳಲ್ಲಿ ಎಲಿಜಬೆತ್ ಕ್ಲೇರ್‌ನಲ್ಲಿ ನೋಟರಿಯನ್ನು ಕರೆಸಿ ಗುಟ್ಟಾಗಿ ಒಂದು ಹೇಳಿಕೆ ಬರೆಸಿಟ್ಟಳು. ತಾನು ಹೆದರಿ ಸಹಿ ಮಾಡಿದ್ದು, ಮನಸ್ಸಿನಿಂದಲ್ಲ ಎಂದು. ಯಾರಿಗೂ ತೋರಿಸಲಿಲ್ಲ, ಪೆಟ್ಟಿಗೆಯಲ್ಲಿಟ್ಟಳು. ಆ ನವೆಂಬರ್‌ನಲ್ಲಿ ರಾಜ ಬಿದ್ದ, ಡಿಸ್ಪೆನ್ಸರ್‌ನನ್ನು ಹೆರೆಫರ್ಡ್‌ನಲ್ಲಿ ಗಲ್ಲಿಗೇರಿಸಿದರು. ಅಸ್ಕ್ ಆಕೆಗೆ ಮರಳಿ ಬಂತು.

ಇಂಥ ಕಾಗದ ಸಿಕ್ಕರೆ ಅದನ್ನು ಹಾಳೆಯ ನಡುವೆ ಅಂಟಿಸಿ. ಮಧ್ಯಯುಗದ ಹೆಣ್ಣುಮಗಳ ಸ್ವಂತ ಮಾತು ಸಿಗುವುದು ಅಪರೂಪ.

1998ರಲ್ಲಿ ನನ್ನ ಹಕ್ಕುಬಿಟ್ಟ ಪತ್ರವನ್ನು ನಾನೇ ಟೈಪ್ ಮಾಡಿದೆ. "ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ" ಎಂಬ ಸಾಲು ಎಲ್ಲ ಹಕ್ಕುಬಿಟ್ಟ ಪತ್ರದಲ್ಲೂ ಇರುತ್ತದೆ, ನನ್ನ ಬೆರಳಿಗೆ ಅದು ಸುಮ್ನೆ ಬರುತ್ತಿತ್ತು. ಒಂದು ಇಳಕಲ್ ಸೀರೆ ಉಡಿಸಿ ಉಡಿ ತುಂಬಿದರು. ಯಾರೂ ಬೆದರಿಸಲಿಲ್ಲ. ತವರಿನ ಬಾಗಿಲು ಮುಚ್ಚಬಾರದು ಅಲ್ವಾ? ತಮ್ಮನ ಮಗಳು ಕೇಳಿದಳು, "ಅತ್ತಿ, ನಿಮ್ಮ ಹೆಸರಿನ ಮುಂದ ಏನ್ ಬರೀಲಿ?" "ಹಕ್ಕು ಬಿಟ್ಟಿದ್ದಾಳೆ ಅಂತ ಬರಿ, ತಾರೀಖು ಹಾಕು" ಅಂದೆ. ಬರೆದಳು. ಯಾವ ಪೆನ್ನು ಎಂದು ಕೇಳಲಿಲ್ಲ, ಪೆನ್ಸಿಲ್‌ನಲ್ಲಿ ಬರೆದಳು.

ಹುಲ್ಲಿನ ಲೆಕ್ಕ

1322ರ ನಂತರ ಆಕೆ ಮದುವೆಯಾಗಲಿಲ್ಲ. ಮುಂದೆ ಮದುವೆಯಾಗದಿರುವ ವ್ರತವನ್ನೇ ತೊಟ್ಟಳು. 38 ವರ್ಷ ಒಬ್ಬಳೇ ಸಂಸ್ಥಾನ ನಡೆಸಿದಳು. ಪುಸ್ತಕ ಬರೆಯುವವರು ಈ ಭಾಗವನ್ನು ಬೇಗ ಮುಗಿಸುತ್ತಾರೆ, ಗಂಡಸರು ಇಲ್ಲವಲ್ಲ. ನೀವು ಹಾಗೆ ಮಾಡಬೇಡಿ. ಕಾಗದ ಜಾಸ್ತಿ ಇರುವುದು ಇಲ್ಲಿಯೇ. ಆಕೆಯ ಮನೆಯ ಲೆಕ್ಕದ ನೂರರಷ್ಟು ಸುರುಳಿಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದಿವೆ. ಲೆಕ್ಕದ ವರ್ಷ ಸೆಪ್ಟೆಂಬರ್ 29ರಿಂದ ಶುರು. ಬ್ರೆಡ್ಡು, ಏಲ್ ಎಂಬ ಅವರ ಕಾಳಿನ ಮದ್ಯ, ದ್ರಾಕ್ಷಾರಸ, ಮೀನು, ಕುದುರೆಗೆ ಹುಲ್ಲು ಮತ್ತು ಓಟ್ಸ್. ಹಣ ಪೌಂಡ್, ಶಿಲ್ಲಿಂಗ್, ಪೆನ್ಸ್: ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. ಮಾರ್ಕ್ ಎಂದು ಬಂದರೆ ಪೌಂಡಿನ ಮೂರನೇ ಎರಡು ಪಾಲು. ರೂಪಾಯಿ-ಆಣೆ-ಪೈ ಲೆಕ್ಕ ಮಾಡಿದ ನಮ್ಮ ಅಪ್ಪ ಇದ್ದಿದ್ದರೆ ಬಾಯಲ್ಲೇ ಮಾಡುತ್ತಿದ್ದರು.

ಒಂದು ಗುಟ್ಟು ಹೇಳುತ್ತೇನೆ. ಮೊದಲು ಕುದುರೆಯ ಮೇವಿನ ಖರ್ಚು ನೋಡಿ. ಅದು ಒಮ್ಮೆಲೇ ಏರಿದರೆ ಮನೆಗೆ ಯಾರೋ ದೊಡ್ಡವರು ಬಂದಿದ್ದಾರೆ. ಅಡಿಗೆಮನೆ ಲೆಕ್ಕ ಅದನ್ನು ಖಾತ್ರಿ ಮಾಡುತ್ತದೆ. ಹೀಗೆ ಆಕೆಯ ಗೆಳೆತನಗಳು ಸಿಗುತ್ತವೆ. ಅವರಲ್ಲಿ ಒಬ್ಬಳು ಮೇರಿ ಡಿ ಸೇಂಟ್ ಪೋಲ್, ಪೆಂಬ್ರೋಕ್‌ನ ಕೌಂಟೆಸ್, ಅವಳೂ ವಿಧವೆ. 1347ರಲ್ಲಿ ಕೇಂಬ್ರಿಜ್‌ನಲ್ಲಿ ಕಾಲೇಜು ಕಟ್ಟಿದವಳು. ಎಲಿಜಬೆತ್ ಅದಕ್ಕೂ ಮೊದಲೇ, 1326ರಲ್ಲಿ ಯಾರೋ ಶುರು ಮಾಡಿ ಸೊರಗಿದ್ದ ಒಂದು ವಿದ್ಯಾಲಯವನ್ನು 1338ರಲ್ಲಿ ಕೈಗೆತ್ತಿಕೊಂಡು ಕ್ಲೇರ್ ಹಾಲ್ ಮಾಡಿದಳು. 1359ರಲ್ಲಿ, ಸಾಯುವ ಹಿಂದಿನ ವರ್ಷ, ಅದಕ್ಕೆ ನಿಯಮಾವಳಿ ಕೊಟ್ಟಳು. ಈಗ ಕ್ಲೇರ್ ಕಾಲೇಜು ಎನ್ನುವ ಅದರ ಲಾಂಛನದಲ್ಲಿ ಕ್ಲೇರ್ ಮತ್ತು ಡಿ ಬರ್ಗ್ ಎರಡೂ ಗುರುತು, ಸುತ್ತ ಕಪ್ಪು ಅಂಚಿನ ಮೇಲೆ ಬಂಗಾರದ ಹನಿಗಳು. ಅದು ಕಣ್ಣೀರು ಎನ್ನುತ್ತಾರೆ. ಇರಲಿ. ನನಗೆ ಹುಲ್ಲಿನ ಲೆಕ್ಕದ ಎಲಿಜಬೆತ್ ಹೆಚ್ಚು ಇಷ್ಟ.

ತಮ್ಮನ ಮಗಳಿಗೆ ಇಲ್ಲಿ ಅತ್ತಿಮಬ್ಬೆ ನೆನಪಾದಳು. ಗದಗಿನವರಿಗೆ ಆಗುವುದೇ. ಎಳೆಯ ವಯಸ್ಸಿಗೆ ವಿಧವೆಯಾಗಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿದವಳು, 1007ರಲ್ಲಿ ಲಕ್ಕುಂಡಿಯ ಬಸದಿ ಕಟ್ಟಿಸಿದವಳು. ಹೋಲಿಸಿ ಬರೆ, ತಪ್ಪಿಲ್ಲ ಅಂದೆ. ಆದರೆ ಅತ್ತಿಮಬ್ಬೆಯದು ಶಾಸನ, ಅದು ಹೊಗಳುತ್ತದೆ. ಎಲಿಜಬೆತ್‌ಳದು ಲೆಕ್ಕದ ಕಾಗದ, ಅದಕ್ಕೆ ಹೊಗಳಲು ಬರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಕೊನೆಯ ಚೌಕ

ಎಲ್ಲಿ ನಿಲ್ಲಿಸಬೇಕು? ಹಸಿರು ಗೆರೆ ಮುಗಿದಲ್ಲಿ. 1333ರ ಜೂನ್‌ನಲ್ಲಿ ಮಗ ವಿಲಿಯಂನನ್ನು ಐರ್ಲೆಂಡಿನಲ್ಲಿ ಅವನ ಕಡೆಯವರೇ ಕೊಂದರು. ಆಗ ಅವನಿಗೆ 20, ಒಬ್ಬಳೇ ಮಗಳು, ವರ್ಷ ತುಂಬದ ಎಲಿಜಬೆತ್. ಅಲ್ಸ್ಟರ್ ಅವಳಿಗೆ, ಮುಂದೆ ಅಜ್ಜಿಯ ಕ್ಲೇರ್ ಪಾಲೂ ಅವಳಿಗೆ. ಮೃತ ಮಗನ ಮಗಳು ಜೀವಂತ ಹೆಣ್ಣುಮಕ್ಕಳಿಗಿಂತ ಮುಂದೆ. ಆಗಿನ ರಾಜ ಮೂರನೇ ಎಡ್ವರ್ಡ್ ತಡ ಮಾಡಲಿಲ್ಲ. 1342ರಲ್ಲಿ ಹತ್ತು ವರ್ಷದ ಆಕೆಯನ್ನು ತನ್ನ ಮಗ ಲಯೊನೆಲ್‌ಗೆ ತಂದುಕೊಂಡ. ಗಂಡಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಮುಂದೆ ಅವನಿಗೆ ಸಿಕ್ಕ ಕ್ಲಾರೆನ್ಸ್ ಎಂಬ ಪದವಿಯ ಹೆಸರು ಬಂದದ್ದು ಹೆಂಡತಿಯ ಕ್ಲೇರ್‌ನಿಂದ. ಇಂಗ್ಲಿಷ್ ಕವಿ ಚಾಸರ್ ಹುಡುಗನಾಗಿದ್ದಾಗ ಕೆಲಸಕ್ಕಿದ್ದದ್ದು ಈ ಮೊಮ್ಮಗಳ ಮನೆಯಲ್ಲಿ.

ಅಜ್ಜಿ 1360ರ ನವೆಂಬರ್ 4ಕ್ಕೆ ತೀರಿಕೊಂಡಳು. ಲಂಡನ್ನಿನ ಆಲ್ಡ್‌ಗೇಟ್ ಹೊರಗಿನ ಸನ್ಯಾಸಿನಿಯರ ಮಠದಲ್ಲಿ ಸಮಾಧಿ. ಅಲ್ಲಿಂದ ಗೆರೆ ಬೇಗ ಓಡುತ್ತದೆ: ಮೊಮ್ಮಗಳು, ಅವಳ ಮಗಳು ಫಿಲಿಪ್ಪಾ, ಆಕೆ ಹೋದ ಮಾರ್ಟಿಮರ್ ಮನೆ, ಅಲ್ಲಿಂದ ಆನ್ ಮಾರ್ಟಿಮರ್ ಎಂಬ ಇನ್ನೊಬ್ಬ ಹೆಣ್ಣುಮಗಳ ಮೂಲಕ ಯಾರ್ಕ್ ಮನೆ. ಆನ್‌ಳ ಮೊಮ್ಮಗ 1461ರಲ್ಲಿ ನಾಲ್ಕನೇ ಎಡ್ವರ್ಡ್ ಆಗಿ ಸಿಂಹಾಸನ ಏರಿದ. ಕ್ಲೇರ್ ಭೂಮಿ ಅವನ ಜೊತೆ ಸಿಂಹಾಸನಕ್ಕೆ ಸೇರಿತು. ನಮ್ಮ ಕಡೆ ವಾರಸುದಾರರು ಇಲ್ಲದಿದ್ದರೆ ಆಸ್ತಿ ಸರ್ಕಾರಕ್ಕೆ ಹೋಗುತ್ತದೆ. ಇಲ್ಲಿ ವಾರಸುದಾರನೇ ಸರ್ಕಾರ ಆಗಿಬಿಟ್ಟ. ಆ ಚೌಕದಲ್ಲಿ ಕೆಂಪೂ ಹಸಿರೂ ಒಂದಾಗುತ್ತವೆ, ಅಲ್ಲಿ ಪೆನ್ನು ಇಡಿ.

ಹಾಳೆ ದೊಡ್ಡದಾಗಿ ನಮ್ಮ ಓಣಿಯ ಝೆರಾಕ್ಸ್ ಮಷಿನ್‌ಗೆ ಹಿಡಿಸಲಿಲ್ಲ. ನಾಲ್ಕು ಭಾಗ ಮಾಡಿ ತೆಗೆಸಿ ಹಿಂದಿನಿಂದ ಟೇಪ್ ಹಚ್ಚಿದೆವು. ಝೆರಾಕ್ಸ್ ಕಪ್ಪು-ಬಿಳುಪು ಬಂದು ಎರಡೂ ಗೆರೆ ಒಂದೇ ಬಣ್ಣ ಆಗಿತ್ತು. ನೀವು ಕಲರ್ ತೆಗೆಸಿ.